ಹಳೆಯ ವಿಗ್ರಹ, ನಾಣ್ಯ, ಓಲೆಗರಿ ಮನೆಯಲ್ಲಿದೆಯಾ? ಇಟ್ಟುಕೊಳ್ಳಲು, ಕೊಡಲು, ವಿದೇಶಕ್ಕೆ ಒಯ್ಯಲು ಕಾನೂನು ಏನು ಹೇಳುತ್ತದೆ

ಮಗ ಅಮೆರಿಕದಲ್ಲಿ ಮನೆ ತೆಗೆದುಕೊಂಡಿದ್ದಾನೆ. ಗೃಹಪ್ರವೇಶಕ್ಕೆ ಊರಿನ ದೇವರ ಕೋಣೆಯಲ್ಲಿರುವ ಪುಟ್ಟ ಬಾಲಕೃಷ್ಣನನ್ನು ಒಯ್ಯೋಣ ಅಂತ ಅಮ್ಮನಿಗೆ ಆಸೆ. ಮುತ್ತಜ್ಜಿಯ ಕಾಲದ ಕಂಚಿನ ವಿಗ್ರಹ. ಸೀರೆಯಲ್ಲಿ ಸುತ್ತಿ ಸೂಟ್‌ಕೇಸಿನ ನಡುವೆ ಇಟ್ಟರೆ ಆಯ್ತು, ನಮ್ಮ ಮನೆಯ ವಸ್ತು, ಕೇಳೋರು ಯಾರು?

ಕೇಳುವವರು ಇದ್ದಾರೆ. ಆ ವಿಗ್ರಹ ನಿಮ್ಮದೇ, ಅದರಲ್ಲಿ ಅನುಮಾನವಿಲ್ಲ. ಮನೆಯಲ್ಲಿ ಇಟ್ಟು ಪೂಜೆ ಮಾಡಬಹುದು, ಮಕ್ಕಳಿಗೆ ಕೊಡಬಹುದು. ಆದರೆ ಅದಕ್ಕೆ ನೂರು ವರ್ಷ ಆಗಿದ್ದರೆ ದೇಶದ ಗಡಿ ದಾಟಿಸುವ ಹಾಗಿಲ್ಲ. ಸೂಟ್‌ಕೇಸಿನಲ್ಲಿ ಒಯ್ದರೂ, ಕೊರಿಯರ್ ಮಾಡಿದರೂ, ಮನೆ ಸಾಮಾನಿನ ಜೊತೆ ಹಡಗಿನ ಕಂಟೇನರಿನಲ್ಲಿ ಕಳಿಸಿದರೂ ಕಾನೂನಿನ ಕಣ್ಣಿಗೆ ಅದು ರಫ್ತು. ಮಾರುವ ಉದ್ದೇಶ ಇರಲಿಲ್ಲ ಅನ್ನುವುದು ಇಲ್ಲಿ ಉತ್ತರವಾಗುವುದಿಲ್ಲ.

ಕಾನೂನಿನ ಹೆಸರು ಪುರಾತನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆ, 1972. ಜಾರಿಗೆ ಬಂದದ್ದು 1976ರ ಏಪ್ರಿಲ್ 5ರಂದು. ಅದಕ್ಕೂ ಮೊದಲು 1947ರ ರಫ್ತು ನಿಯಂತ್ರಣ ಕಾಯ್ದೆ ಇತ್ತು. ಹೊಸ ಕಾಯ್ದೆ ಬಂದ ಮೇಲೆ ಪುರಾತನ ವಸ್ತುಗಳನ್ನು ಹೊರಗೆ ಕಳಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ, ಅದು ಒಪ್ಪಿಗೆ ಕೊಟ್ಟ ಸಂಸ್ಥೆಗಳಿಗೆ ಮಾತ್ರ ಉಳಿಯಿತು. ವಿದೇಶದ ಮ್ಯೂಸಿಯಂನಲ್ಲಿ ಪ್ರದರ್ಶನಕ್ಕೆ ಅಂತ ತಾತ್ಕಾಲಿಕವಾಗಿ ಕಳಿಸುತ್ತಾರಲ್ಲ, ಅದು ಆ ದಾರಿ. ನಿಮ್ಮ ನಮ್ಮಂಥವರಿಗೆ ಅದು ಸಿಗುವುದಿಲ್ಲ. ತಪ್ಪಿ ನಡೆದರೆ ಕನಿಷ್ಠ 6 ತಿಂಗಳಿಂದ 3 ವರ್ಷದವರೆಗೆ ಜೈಲು, ಜೊತೆಗೆ ದಂಡ. ಕಸ್ಟಮ್ಸ್ ಕಾಯ್ದೆಯಡಿ ವಸ್ತು ಜಪ್ತಿಯಾಗುವುದು ಬೇರೆ.

ಹೆದರಿಸುವುದಕ್ಕೆ ಇದನ್ನು ಬರೆಯುತ್ತಿಲ್ಲ. ಈ ಕಾಯ್ದೆಯ ಬಗ್ಗೆ ನಮ್ಮಲ್ಲಿ ಹೆದರಿಕೆ ಈಗಾಗಲೇ ಜಾಸ್ತಿ, ತಿಳಿವಳಿಕೆ ಕಮ್ಮಿ. ಹೆದರಿದವರು ವಸ್ತುವನ್ನು ಟ್ರಂಕಿನಲ್ಲಿ ಬಚ್ಚಿಡುತ್ತಾರೆ. ಫೋಟೊ ತೆಗೆಯುವುದಿಲ್ಲ, ನೋಂದಣಿ ಮಾಡಿಸುವುದಿಲ್ಲ. ಕಳ್ಳನಿಗೆ ಬೇಕಾಗಿರುವುದೂ ಅದೇ. ಕಳ್ಳತನವಾದ ಮೇಲೆ ವಸ್ತು ನಿಮ್ಮದು ಎಂದು ತೋರಿಸುವ ಒಂದು ಚೂರು ಕಾಗದವೂ ಇಲ್ಲದಿದ್ದರೆ ಕಾಯ್ದೆ ಎಷ್ಟು ಬಿಗಿಯಾಗಿದ್ದರೂ ಏನು ಪ್ರಯೋಜನ? ಹಾಗಾಗಿ ಈ ಲೇಖನದಲ್ಲಿ ಫೋಟೊ ಮತ್ತು ಕಾಗದದ ಮಾತು ಪದೇ ಪದೇ ಬರುತ್ತದೆ.

ಮೊದಲ ಹೆಜ್ಜೆ: ಮನೆಯಲ್ಲಿ ಏನಿದೆ ಅಂತ ನೋಡಿ

ಕಾಯ್ದೆಯಲ್ಲಿ ಎರಡು ಅಂಕಿ ಮುಖ್ಯ: 100 ಮತ್ತು 75.

ನಾಣ್ಯ, ಶಿಲ್ಪ, ಚಿತ್ರ, ಶಾಸನ, ಕುಶಲ ಕೆಲಸದ ಯಾವುದೇ ವಸ್ತು, ಕಟ್ಟಡದಿಂದ ಕಿತ್ತ ಕಂಬ ಅಥವಾ ಬಾಗಿಲವಾಡ, ಹಿಂದಿನ ಕಾಲದ ಧರ್ಮ, ಕಲೆ, ಆಚಾರಗಳನ್ನು ತೋರಿಸುವ ವಸ್ತು ಇವಕ್ಕೆ 100 ವರ್ಷ ತುಂಬಿದರೆ ಪುರಾತನ ವಸ್ತು. ಹಸ್ತಪ್ರತಿ, ದಾಖಲೆ, ಕಾಗದಪತ್ರಗಳಿಗೆ 75 ವರ್ಷ ಸಾಕು. ಆದರೆ ಅವಕ್ಕೆ ಇತಿಹಾಸದ, ಸಾಹಿತ್ಯದ, ವಿಜ್ಞಾನದ ಅಥವಾ ಸೌಂದರ್ಯದ ಬೆಲೆ ಇರಬೇಕು. ತಾತನ ಹಾಲಿನ ಲೆಕ್ಕದ ಚೀಟಿಗೆ ಯಾರೂ ತಕರಾರು ಮಾಡುವುದಿಲ್ಲ. ಆದರೆ 1942ರ ಚಳವಳಿಯಲ್ಲಿ ಗುಟ್ಟಾಗಿ ಹಂಚಿದ ಕರಪತ್ರ, ಮೈಸೂರು ಸಂಸ್ಥಾನದ ಸನದು, ಮಠದ ಕಡತ, ಇವೆಲ್ಲ ಬೇರೆ ಮಾತು.

ಈ ಲೆಕ್ಕ ಒಂದು ಕಡೆ ನಿಲ್ಲುವುದಿಲ್ಲ, ವರ್ಷ ವರ್ಷವೂ ಮುಂದಕ್ಕೆ ಸರಿಯುತ್ತದೆ. ಇದನ್ನು ತುಂಬಾ ಜನ ಗಮನಿಸುವುದಿಲ್ಲ. ಅಜ್ಜಿಯ ಗಂಟಿನಲ್ಲಿರುವ 1918ರ ಐದನೇ ಜಾರ್ಜನ ಬೆಳ್ಳಿ ರೂಪಾಯಿಗೆ 1990ರಲ್ಲಿ ಯಾವ ಅಡ್ಡಿಯೂ ಇರಲಿಲ್ಲ. ಈಗ ನೂರು ದಾಟಿದೆ. ಲಕ್ಷ್ಮಿ ಪೂಜೆಗೆ ಇಡುವ ಆ ನಾಣ್ಯವನ್ನು ಮಗಳಿಗೆ ಲಂಡನ್ನಿಗೆ ಕಳಿಸುವ ಹಾಗಿಲ್ಲ. ಪೇಟೆಯಲ್ಲಿ ಸುಲಭವಾಗಿ ಸಿಗುವ ನಾಣ್ಯ, ಬೆಲೆಯೂ ಅಷ್ಟೇನಿಲ್ಲ. ಆದರೂ ಕಾನೂನು ಒಂದೇ. ಇಷ್ಟು ಅಗಲವಾದ ಬಲೆ ಬೀಸಿದ್ದು ಸರಿಯೇ ಅಂತ ವಾದ ಮಾಡಬಹುದು, ನನಗೂ ಅನುಮಾನವಿದೆ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ನಿಂತು ಆ ವಾದ ಮಾಡಬೇಡಿ ಅಷ್ಟೇ.

ಕೊಡಗಿನ ಮನೆಗಳಲ್ಲಿ ಹಳೆಯ ಪೀಚೆಕತ್ತಿ, ಒಡಿಕತ್ತಿ ಇರುತ್ತವೆ. ಕೊಡವರಿಗೆ ಆಯುಧ ಕಾಯ್ದೆಯಲ್ಲಿ ಲೈಸೆನ್ಸಿನಿಂದ ವಿನಾಯಿತಿ ಇದೆ, ನಿಜ. ಅದು ಆಯುಧ ಇಟ್ಟುಕೊಳ್ಳಲು ಇರುವ ವಿನಾಯಿತಿ. ಬೆಳ್ಳಿ ಕೆತ್ತನೆಯ ನೂರು ವರ್ಷದ ಪೀಚೆಕತ್ತಿಯನ್ನು ಮದುವೆಗೆ ಅಂತ ಕೆನಡಾಕ್ಕೆ ಒಯ್ಯಲು ಅದು ಒಪ್ಪಿಗೆಯಲ್ಲ. ಎರಡೂ ಬೇರೆ ಬೇರೆ ಕಾಯ್ದೆ.

ಮೈಸೂರಿನ ಬೀಟೆ ಮರದಲ್ಲಿ ಬೇರೆ ಬಣ್ಣದ ತುಂಡುಗಳನ್ನು ಕೂಡಿಸಿದ (ಇನ್‌ಲೇ) ಕೆಲಸದ ಪೆಟ್ಟಿಗೆ, ಮೇಜು ಇದ್ದರೆ ಇನ್ನೊಂದು ವಿಷಯ ನೋಡಿಕೊಳ್ಳಿ. ಹಳೆಯವುಗಳಲ್ಲಿ ಬಿಳಿ ಭಾಗ ಆನೆ ದಂತವಾಗಿರುವ ಸಾಧ್ಯತೆ ಜಾಸ್ತಿ. ದಂತಕ್ಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬರುತ್ತದೆ. ನೂರು ವರ್ಷ ಆಗಿಲ್ಲ ಎಂದು ಸಾಬೀತಾದರೂ ಈ ಗೋಡೆ ದಾಟಲು ಆಗುವುದಿಲ್ಲ. ಹೊಸ ವಸ್ತುಗಳಲ್ಲಿ ದಂತದ ಬದಲು ಪ್ಲಾಸ್ಟಿಕ್ ಬಳಸುತ್ತಾರೆ. ಅವಕ್ಕೆ ಬಿಲ್ ಇದ್ದರೆ ಸಾಕು. ಬೀಟೆ ಮರಕ್ಕೂ ಅಂತರರಾಷ್ಟ್ರೀಯ ನಿಯಮಗಳಿವೆ, ದೊಡ್ಡ ಪೀಠೋಪಕರಣ ಕಳಿಸುವವರು ಸಾಗಣೆ ಕಂಪನಿಯವರನ್ನು ಮೊದಲೇ ಕೇಳಬೇಕು.

ಇನ್ನೊಂದು ಗುಂಪು ಇದೆ. ಕಲಾ ನಿಧಿಗಳು. ಇವಕ್ಕೆ ವಯಸ್ಸಿನ ಲೆಕ್ಕವಿಲ್ಲ. ಸರ್ಕಾರ ಹೆಸರಿಸಿದ ಕಲಾವಿದರ ಕೃತಿಗಳನ್ನು, ಅವರು ತೀರಿಕೊಂಡ ಮೇಲೆ, ಹೊರಗೆ ಒಯ್ಯುವ ಹಾಗಿಲ್ಲ. ಆ ಪಟ್ಟಿಯಲ್ಲಿ ರಾಜಾ ರವಿವರ್ಮ, ರವೀಂದ್ರನಾಥ ಠಾಕೂರ್, ಅವನೀಂದ್ರನಾಥ ಮತ್ತು ಗಗನೇಂದ್ರನಾಥ ಠಾಕೂರ್, ನಂದಲಾಲ್ ಬೋಸ್, ಜಾಮಿನಿ ರಾಯ್, ಅಮೃತಾ ಶೇರ್‌ಗಿಲ್, ಶೈಲೋಜ್ ಮುಖರ್ಜಿ, ನಿಕೊಲಸ್ ರೋರಿಕ್ ಇದ್ದಾರೆ. ಬೆಂಗಳೂರಿನವರಿಗೆ ರೋರಿಕ್ ಅಂದ ಕೂಡಲೇ ನೆನಪಾಗುವುದು ತಾತಗುಣಿ ಎಸ್ಟೇಟು. ಅಲ್ಲಿದ್ದವರು ಮಗ ಸ್ವೆತೊಸ್ಲಾವ್. ಪಟ್ಟಿಯಲ್ಲಿರುವುದು ತಂದೆ ನಿಕೊಲಸ್. ಚಿತ್ರ ಕೊಳ್ಳುವವರು ಇದನ್ನು ಗೊಂದಲ ಮಾಡಿಕೊಳ್ಳಬಾರದು.

ಎರಡನೆಯದು: ಫೋಟೊ ತೆಗೆಯಿರಿ. ಇವತ್ತೇ.

ತಮಿಳುನಾಡಿನ ಅರಿಯಲೂರು ಜಿಲ್ಲೆಯಲ್ಲಿ ಶ್ರೀಪುರಂದಾನ್ ಅಂತ ಒಂದು ಹಳ್ಳಿ. ಅಲ್ಲಿನ ಚೋಳರ ಕಾಲದ ದೇವಸ್ಥಾನದಿಂದ ನಟರಾಜನ ಕಂಚಿನ ವಿಗ್ರಹ ಕಳುವಾಯಿತು. ಅದು ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್ ಕೈಗೆ ಹೋಯಿತು. 2008ರಲ್ಲಿ ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿ ಅದನ್ನು ಸುಮಾರು 50 ಲಕ್ಷ ಡಾಲರಿಗೆ ಕೊಂಡಿತು. ಜೊತೆಗೆ ಬಂದ ಕಾಗದಗಳಲ್ಲಿ ವಿಗ್ರಹ 1972ಕ್ಕೆ ಮೊದಲೇ ಭಾರತ ಬಿಟ್ಟಿತ್ತು ಎಂದಿತ್ತು. ಆ ವರ್ಷವನ್ನು ಸುಮ್ನೆ ಬರೆದದ್ದಲ್ಲ, ಕಾಯ್ದೆಯಿಂದ ತಪ್ಪಿಸಿಕೊಳ್ಳಲೆಂದೇ ಬರೆದದ್ದು.

ಆ ಕತೆ ಸುಳ್ಳು ಎಂದು ತೋರಿಸಿದ್ದು ಒಂದು ಹಳೆಯ ಫೋಟೊ. ಪಾಂಡಿಚೇರಿಯ ಫ್ರೆಂಚ್ ಇನ್‌ಸ್ಟಿಟ್ಯೂಟಿನವರು ದಶಕಗಳಿಂದ ದೇವಸ್ಥಾನಗಳಿಗೆ ಹೋಗಿ ವಿಗ್ರಹಗಳ ಫೋಟೊ ತೆಗೆದು ಇಟ್ಟಿದ್ದರು. ಅದರಲ್ಲಿ ಈ ನಟರಾಜ, ಅದೇ ಹಳ್ಳಿಯಲ್ಲಿ ನಿಂತಿದ್ದ. ಗುರುತುಗಳು ತಾಳೆಯಾದವು. 2014ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಪ್ರಧಾನಿಯೇ ವಿಗ್ರಹವನ್ನು ದೆಹಲಿಗೆ ತಂದು ಒಪ್ಪಿಸಿದರು. ಕಪೂರ್‌ಗೆ 2022ರಲ್ಲಿ ಕುಂಭಕೋಣಂ ನ್ಯಾಯಾಲಯ 10 ವರ್ಷ ಶಿಕ್ಷೆ ಕೊಟ್ಟಿತು.

ಆ ದೇವಸ್ಥಾನಕ್ಕೆ ಫೋಟೊ ತೆಗೆಯುವವರು ಹೋಗಿರದಿದ್ದರೆ? ನಮ್ಮ ಹಳ್ಳಿಗಳ ಬಸದಿ, ಗುಡಿ, ದೈವಸ್ಥಾನಗಳಲ್ಲಿ ಎಷ್ಟಕ್ಕೆ ಇಂಥ ಫೋಟೊ ಇದೆ ಅಂತ ಯೋಚಿಸಿ.

ಕ್ಯಾಮೆರಾ ಬೇಡ, ಮೊಬೈಲು ಸಾಕು. ಹೂವು, ಗಂಧ, ವಸ್ತ್ರ ತೆಗೆದು ಫೋಟೊ ತೆಗೆಯಿರಿ. ಅಲಂಕಾರ ಮಾಡಿದ ದೇವರ ಫೋಟೊ ನೋಡಲು ಚೆಂದ, ಗುರುತಿಸಲು ಉಪಯೋಗವಿಲ್ಲ. ಮುಂದೆ, ಹಿಂದೆ, ಎರಡು ಪಕ್ಕ, ಮೇಲಿನಿಂದ, ಪೀಠದ ಅಡಿ. ಪಕ್ಕದಲ್ಲಿ ಒಂದು ಸ್ಕೇಲು ಇಡಿ. ನೇರ ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕು ಒಳ್ಳೆಯದು. ಆಮೇಲೆ ಹತ್ತಿರದಿಂದ ಊನವಾದ ಭಾಗಗಳ ಫೋಟೊ ತೆಗೆಯಿರಿ: ಮುರಿದ ಬೆರಳು, ಸವೆದ ಮೂಗು, ಎರಕದಲ್ಲಿ ಬಿದ್ದ ತೂತು, ಬೆಸುಗೆ ಹಾಕಿದ ಜಾಗ. ಒಂದೇ ಥರದ ಹತ್ತು ಕೃಷ್ಣನ ವಿಗ್ರಹ ಇರಬಹುದು. ಎಡಮೊಣಕಾಲಿನ ಮೇಲೆ ಅದೇ ಜಾಗದಲ್ಲಿ ಅದೇ ಗೀರು ಇರುವುದು ನಿಮ್ಮ ಕೃಷ್ಣನಿಗೆ ಮಾತ್ರ. ಅಕ್ಷರ ಇದ್ದರೆ ಒಂದೊಂದು ಸಾಲನ್ನೂ ಬೇರೆ ಬೇರೆ ತೆಗೆಯಿರಿ.

ಜೊತೆಗೆ ಒಂದು ಹಾಳೆಯಲ್ಲಿ ಬರೆದಿಡಿ: ಏನು ವಸ್ತು, ಯಾವ ಲೋಹ ಅಥವಾ ಮರ, ಎತ್ತರ, ಅಗಲ, ತೂಕ, ಯಾರಿಂದ ಬಂತು, ಎಲ್ಲಿಟ್ಟಿದ್ದೀರಿ. ಮನೆಯ ಹಿರಿಯರು ಏನು ಹೇಳುತ್ತಾರೋ ಅದನ್ನೂ ಅವರ ಹೆಸರಿನ ಜೊತೆ ಬರೆಯಿರಿ. ದಿನಾಂಕ ಹಾಕಿ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಹತ್ತಿರ. ಊರಿನ ಹೆಸರು ಹಾಕಿ ಫೇಸ್‌ಬುಕ್ಕಿಗೆ ಮಾತ್ರ ಏರಿಸಬೇಡಿ. ಅದು ಕಳ್ಳರಿಗೆ ವಿಳಾಸ ಕೊಟ್ಟ ಹಾಗೆ.

ಫೋಟೊ ಚೆನ್ನಾಗಿ ಬರಲಿ ಅಂತ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಬೇಡಿ. ದಿನಾ ಪೂಜೆಯ ವಿಗ್ರಹದ ಮಾತು ಬೇರೆ, ಅದು ಮೊದಲಿಂದ ನಡೆದು ಬಂದದ್ದು. ಅಟ್ಟದಿಂದ ಇಳಿಸಿದ ತಾಮ್ರಪಟವನ್ನು ಉಜ್ಜಿದರೆ ಅಕ್ಷರವೇ ಹೋಗುತ್ತದೆ.

ಶಾಸನ, ವೀರಗಲ್ಲು ನಿಮ್ಮ ಹೊಲದಲ್ಲಿದ್ದರೆ ಒಂದು ಅನುಕೂಲವಿದೆ. ಬಿ. ಎಲ್. ರೈಸ್ ಕಾಲದಿಂದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ತಾಲ್ಲೂಕುವಾರು ಸಾವಿರಾರು ಶಾಸನಗಳು ಅಚ್ಚಾಗಿವೆ. ನಿಮ್ಮ ಊರಿನದ್ದು ಅಲ್ಲಿದೆಯಾ ಅಂತ ಹತ್ತಿರದ ಕಾಲೇಜಿನ ಇತಿಹಾಸ ಮೇಷ್ಟ್ರನ್ನು ಕೇಳಿ. ಇದ್ದರೆ ಆ ಕಲ್ಲು ನಿಮ್ಮೂರಲ್ಲೇ ಇತ್ತು ಅನ್ನುವುದಕ್ಕೆ ನೂರು ವರ್ಷ ಹಳೆಯ ಮುದ್ರಿತ ಸಾಕ್ಷಿ ಸಿಕ್ಕಿತು. ಇಲ್ಲದಿದ್ದರೆ ಮೈಸೂರಿನಲ್ಲಿರುವ ಎಎಸ್‌ಐ (ಕೇಂದ್ರದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ) ಶಾಸನ ವಿಭಾಗಕ್ಕೆ ತಿಳಿಸಿ. ಹೊಸ ಶಾಸನ ಅಂದರೆ ಅವರಿಗೂ ಖುಷಿಯೇ.

ನೋಂದಣಿ: ಯಾವುದಕ್ಕೆ ಬೇಕು, ಯಾವುದಕ್ಕೆ ಬೇಡ

ಇಲ್ಲಿ ಜನ ಎಡವುತ್ತಾರೆ. ಹಳೆಯದೆಲ್ಲವನ್ನೂ ನೋಂದಾಯಿಸಬೇಕು ಅಂತಿಲ್ಲ. ಸರ್ಕಾರ ಅಧಿಸೂಚನೆಯಲ್ಲಿ ಹೇಳಿದ ಬಗೆಗಳಿಗೆ ಮಾತ್ರ ನೋಂದಣಿ ಕಡ್ಡಾಯ. ಕಲ್ಲು, ಸುಟ್ಟಮಣ್ಣು, ಲೋಹ, ದಂತ, ಮೂಳೆಯ ಶಿಲ್ಪಗಳು. ಮರದ ಕೆತ್ತನೆಗಳು. ಕಾಗದ, ಬಟ್ಟೆ, ಮರ ಹೀಗೆ ಯಾವುದರ ಮೇಲೆ ಬರೆದರೂ ಚಿತ್ರಗಳು. ಚಿತ್ರಗಳಿರುವ ಹಸ್ತಪ್ರತಿಗಳು.

ಅಂದರೆ ಕಂಚಿನ ಬಾಲಕೃಷ್ಣನಿಗೆ ನೋಂದಣಿ ಬೇಕು. ಬೆಳ್ಳಿ ರೂಪಾಯಿಗೆ ಬೇಡ. ಮೂಡುಬಿದಿರೆಯ ಧವಳ ಗ್ರಂಥಗಳ ಹಾಗೆ ಓಲೆಯ ಮೇಲೆ ಚಿತ್ರ ಬರೆದಿದ್ದರೆ ಬೇಕು. ಬರೀ ಅಕ್ಷರ ಇರುವ ಓಲೆಗರಿಗೆ ಬೇಡ. ತುಳುನಾಡಿನ ಮರದ ಭೂತದ ಮೂರ್ತಿಗೆ ಬೇಕು. ಆದರೆ ನೋಂದಣಿ ಬೇಡ ಅಂದ ಮಾತ್ರಕ್ಕೆ ರಫ್ತು ಮಾಡಬಹುದು ಎಂದಲ್ಲ. ನಾಣ್ಯವೂ ಬರೀ ಓಲೆಗರಿಯೂ ಪುರಾತನ ವಸ್ತುಗಳೇ. ಎರಡು ಬೇರೆ ಪ್ರಶ್ನೆಗಳನ್ನು ಒಂದು ಮಾಡಿಕೊಳ್ಳಬೇಡಿ.

ಅರ್ಜಿಯನ್ನು ನೋಂದಣಾಧಿಕಾರಿಗೆ ಕೊಡಬೇಕು. ನಿಮ್ಮ ಜಿಲ್ಲೆಗೆ ಆ ಅಧಿಕಾರಿ ಯಾರು ಎಂದು ತಿಳಿಯಲು ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯನ್ನೋ ಹತ್ತಿರದ ಎಎಸ್‌ಐ ವೃತ್ತ ಕಚೇರಿಯನ್ನೋ ಕೇಳಿ. ಎಎಸ್‌ಐಗೆ ಕರ್ನಾಟಕದಲ್ಲಿ ಬೆಂಗಳೂರು, ಧಾರವಾಡ, ಹಂಪಿ ಎಂದು ಮೂರು ವೃತ್ತಗಳಿವೆ. ಅರ್ಜಿ ನಮೂನೆಯ ಜೊತೆ ಫೋಟೊ ಪ್ರತಿಗಳನ್ನು ಕೊಡಬೇಕು. ಮೇಲೆ ಹೇಳಿದ ಹಾಗೆ ಫೋಟೊ, ಅಳತೆ ತಯಾರಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಅಧಿಕಾರಿ ವಸ್ತುವನ್ನು ನೋಡಬಹುದು, ಪ್ರಶ್ನೆ ಕೇಳಬಹುದು. ಎಲ್ಲ ಸರಿ ಇದ್ದರೆ ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ಆಸ್ತಿ ಪತ್ರಗಳ ಜೊತೆ ಇಡಿ.

ಹೊಸದಾಗಿ ಕೈಗೆ ಬಂದ ವಸ್ತುವನ್ನು ನೋಂದಾಯಿಸಲು ಕಾಯ್ದೆ ಕೊಡುವ ಸಮಯ ಬಹಳ ಕಮ್ಮಿ. ನೋಂದಾಯಿಸದಿದ್ದರೆ 6 ತಿಂಗಳವರೆಗೆ ಜೈಲು ಅಥವಾ ದಂಡ ಅಥವಾ ಎರಡೂ, ವಸ್ತುವಿನ ಜಪ್ತಿಯೂ ಆಗಬಹುದು. ತಲೆಮಾರುಗಳಿಂದ ಇದೆ, ಯಾರೂ ಮಾಡಿಸಲೇ ಇಲ್ಲ ಅನ್ನುವ ಮನೆಗಳೇ ಹೆಚ್ಚು. ಕಾಗದದ ಪ್ರಕಾರ ಅದು ತಪ್ಪೇ. ನನ್ನ ಸಲಹೆ, ವಸ್ತು ಬೆಲೆಬಾಳುವಂಥದ್ದಾದರೆ ಒಬ್ಬ ವಕೀಲರ ಹತ್ತಿರ ಮಾತಾಡಿ, ಆಮೇಲೆ ನೀವಾಗಿಯೇ ಹೋಗಿ ಅರ್ಜಿ ಕೊಡಿ. ಯಾರೋ ದೂರು ಕೊಟ್ಟ ಮೇಲೆ ಹೋಗುವುದಕ್ಕಿಂತ ಇದು ಎಷ್ಟೋ ವಾಸಿ.

"ನೋಂದಣಿ ಮಾಡಿಸಿದರೆ ಸರ್ಕಾರ ತಗೊಂಡು ಹೋಗುತ್ತೆ" ಅನ್ನುವ ಮಾತು ನೀವೂ ಕೇಳಿರುತ್ತೀರಿ. ಇದಕ್ಕೆ ನೇರ ಉತ್ತರ: ನೋಂದಣಿಯಿಂದ ಒಡೆತನ ಬದಲಾಗುವುದಿಲ್ಲ. ಸಾರ್ವಜನಿಕ ಜಾಗದಲ್ಲಿ ಕಾಪಾಡಬೇಕು ಅನ್ನಿಸಿದ ವಸ್ತುವನ್ನು ಪರಿಹಾರ ಕೊಟ್ಟು ಕಡ್ಡಾಯವಾಗಿ ಪಡೆಯುವ ಅಧಿಕಾರ ಕೇಂದ್ರಕ್ಕೆ ಇದೆ, 19ನೇ ಸೆಕ್ಷನ್ನು. ಆದರೆ ಅದೇ ಸೆಕ್ಷನ್ನಿನಲ್ಲಿ ಇನ್ನೊಂದು ಮಾತೂ ಇದೆ. ನಿಜವಾಗಿ ಪೂಜೆ, ಧಾರ್ಮಿಕ ಆಚರಣೆಗೆ ಬಳಕೆಯಲ್ಲಿರುವ ವಸ್ತುವಿಗೆ ಆ ಅಧಿಕಾರ ಅನ್ವಯಿಸುವುದಿಲ್ಲ. ದೇವರ ಕೋಣೆಯ ಕೃಷ್ಣ, ಊರಿನ ಉತ್ಸವ ಮೂರ್ತಿ ಎಲ್ಲ ಇದರೊಳಗೆ ಬರುತ್ತವೆ. ಈ ಒಂದು ಸಾಲು ಊರೂರಿಗೂ ಗೊತ್ತಾಗಿದ್ದರೆ ಎಷ್ಟೋ ಟ್ರಂಕುಗಳು ತೆರೆಯುತ್ತಿದ್ದವು.

ಪಾಲು, ಉಡುಗೊರೆ, ಮಾರಾಟ

ಅಣ್ಣತಮ್ಮಂದಿರಿಗೆ ಪಾಲಾಗುವಾಗ ನೋಂದಾಯಿಸಿದ ವಿಗ್ರಹ ತಮ್ಮನಿಗೆ ಹೋದರೆ ಅದನ್ನು ನೋಂದಣಾಧಿಕಾರಿಗೆ ತಿಳಿಸಬೇಕು. ಒಡೆತನ ಬದಲಾದಾಗ ಮಾತ್ರವಲ್ಲ, ವಸ್ತು ಇನ್ನೊಬ್ಬರ ವಶಕ್ಕೆ ಹೋದಾಗಲೂ. ಪಾಲುಪಟ್ಟಿಯಲ್ಲಿ "ಹಿತ್ತಾಳೆ ಸಾಮಾನು" ಅಂತ ಒಟ್ಟಿಗೆ ಬರೆಯದೆ ಆ ವಸ್ತುವನ್ನು ಬೇರೆಯಾಗಿ, ನೋಂದಣಿ ಸಂಖ್ಯೆ ಹಾಕಿ ಬರೆಸಿ.

ಪುರಾತನ ವಸ್ತುಗಳ ವ್ಯಾಪಾರ ಮಾಡಲು ಲೈಸೆನ್ಸ್ ಬೇಕು. ನೀವು ಕೊಳ್ಳುವವರಾದರೆ, ಕಾರೈಕುಡಿಯಲ್ಲಿ ಕೊಳ್ಳಲಿ, ಕೊಚ್ಚಿಯಲ್ಲಿ ಕೊಳ್ಳಲಿ, ಅಂಗಡಿಯವರ ಲೈಸೆನ್ಸ್ ನೋಡಿ. ವಿಗ್ರಹದ ನೋಂದಣಿ ಪ್ರಮಾಣಪತ್ರ ಕೇಳಿ. ಅದರಲ್ಲಿರುವ ಫೋಟೊವನ್ನು ಕೈಯಲ್ಲಿರುವ ವಸ್ತುವಿನ ಜೊತೆ ಹೋಲಿಸಿ. "ಹಳೇದು ಸಾರ್, ಚೋಳರ ಕಾಲದ್ದು, ಪೇಪರ್ ಎಲ್ಲ ಬೇಡ" ಅಂದರೆ ಎರಡರಲ್ಲಿ ಒಂದು: ವಸ್ತು ಹೊಸದು, ಇಲ್ಲ ಕದ್ದದ್ದು. ಎರಡರಲ್ಲಿ ಯಾವುದಾದರೂ ನಿಮ್ಮ ದುಡ್ಡು ಹೋಯಿತು. ಇಂಟರ್‌ಪೋಲ್‌ನ ಐಡಿ-ಆರ್ಟ್ ಅನ್ನುವ ಉಚಿತ ಆ್ಯಪ್ ಇದೆ, ಜಗತ್ತಿನಾದ್ಯಂತ ಕಳುವಾದ ಕಲಾವಸ್ತುಗಳ ಪಟ್ಟಿಯಲ್ಲಿ ಹುಡುಕಬಹುದು. ಕೊಳ್ಳುವ ಮೊದಲು ಒಮ್ಮೆ ನೋಡುವುದರಿಂದ ನಷ್ಟವಿಲ್ಲ.

ಅಕ್ಕಿ ಎಳೆಯುವ ತಾಮ್ರದ ತಂಬಿಗೆ, ಕೋಟಿಗಟ್ಟಲೆ ಬೆಲೆ ಎಂದು ಯಾರಾದರೂ ಬಂದರೆ ಅದು ಕಾಯ್ದೆಯ ವಿಷಯವೇ ಅಲ್ಲ. ಶುದ್ಧ ಮೋಸ. ಬಾಗಿಲು ಹಾಕಿಕೊಳ್ಳಿ. ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಅನ್ನುವ ವಾಟ್ಸ್‌ಆ್ಯಪ್ ಸಂದೇಶವೂ ಹಾಗೆಯೇ.

ಮಾರುವುದೂ ಬೇಡ, ಇಟ್ಟುಕೊಳ್ಳಲೂ ಆಗುವುದಿಲ್ಲ ಅನ್ನುವವರು ಮ್ಯೂಸಿಯಂಗೆ, ಹಸ್ತಪ್ರತಿಯಾದರೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ಕೊಡಬಹುದು. 1905ರಲ್ಲಿ ತಂಜಾವೂರಿನ ಪಂಡಿತರೊಬ್ಬರು ಅಲ್ಲಿಗೆ ಒಂದು ಓಲೆಗರಿ ಕಟ್ಟು ತಂದುಕೊಟ್ಟರು. ಆರ್. ಶಾಮಶಾಸ್ತ್ರಿಗಳು ಬಿಚ್ಚಿ ಓದಿದರೆ ಅದು ಕೌಟಿಲ್ಯನ ಅರ್ಥಶಾಸ್ತ್ರ. ಅದರಲ್ಲಿ ಚಿತ್ರವೂ ಇರಲಿಲ್ಲ, ಚಿನ್ನದ ಲೇಪವೂ ಇರಲಿಲ್ಲ. ಕೊಡುವಾಗ ಪಡೆದವರ ಸಹಿ, ಸೀಲು ಇರುವ ರಸೀದಿ ತೆಗೆದುಕೊಳ್ಳಿ.

ವಿದೇಶಕ್ಕೆ ಹೊರಟವರಿಗೆ

ವಸ್ತುವಿಗೆ ನೂರು ವರ್ಷ ಆಗಿದೆ ಅಂತ ನಿಮಗೇ ಗೊತ್ತಿದ್ದರೆ ಇಲ್ಲೇ ಬಿಟ್ಟು ಹೋಗಿ. ಒಳ್ಳೆಯ ಸ್ಥಪತಿಯಿಂದ ಅಂಥದ್ದೇ ಹೊಸದು ಮಾಡಿಸಿ ಒಯ್ಯಬಹುದು.

ತೊಂದರೆ ಇರುವುದು ಹೊಸದಾಗಿದ್ದೂ ಹಳೆಯದಾಗಿ ಕಾಣುವ ವಸ್ತುಗಳಿಗೆ. ಹತ್ತು ವರ್ಷದ ಹಿಂದೆ ಸ್ವಾಮಿಮಲೈನಲ್ಲಿ ಮಾಡಿಸಿದ ಕಂಚಿನ ನಟರಾಜನಿಗೆ ಹಸಿರು ಬಣ್ಣ ಬರಿಸಿರುತ್ತಾರೆ. ಸ್ಕ್ಯಾನಿಂಗ್ ಮಾಡುವವರಿಗೆ ಅದು ಹೊಸದು ಅಂತ ಹೇಗೆ ಗೊತ್ತಾಗಬೇಕು? ಅನುಮಾನ ಬಂದರೆ ತಡೆದು ಎಎಸ್‌ಐ ತಜ್ಞರಿಗೆ ತೋರಿಸುತ್ತಾರೆ. ತಜ್ಞರು "ಇದು ಹೊಸದು" ಅನ್ನುವಷ್ಟರಲ್ಲಿ ನಿಮ್ಮ ವಿಮಾನ ದುಬೈ ಮುಟ್ಟಿರುತ್ತದೆ.

ಇದಕ್ಕೇ ಇರುವುದು "ಪುರಾತನ ವಸ್ತು ಅಲ್ಲ" ಎಂಬ ಪ್ರಮಾಣಪತ್ರ. ಎಎಸ್‌ಐನ ತಜ್ಞರ ಸಮಿತಿ ಕೊಡುತ್ತದೆ. ಬೆಂಗಳೂರು ಕಡೆಯವರು ಅಲ್ಲಿನ ವೃತ್ತ ಕಚೇರಿಯಲ್ಲಿ ವಿಚಾರಿಸಿ. ಅರ್ಜಿ, ಪ್ರತಿ ವಸ್ತುವಿನ ಫೋಟೊಗಳು, ಇದ್ದರೆ ಬಿಲ್ಲು ಬೇಕು. ವಸ್ತುವನ್ನು ಅವರ ಮುಂದೆ ಇಡಬೇಕಾಗುತ್ತದೆ, ಫೋಟೊ ನೋಡಿ ಕೊಡುವುದಿಲ್ಲ. ಸಮಿತಿ ದಿನಾ ಕೂಡುವುದಿಲ್ಲ, ಆದ್ದರಿಂದ ಟಿಕೆಟ್ ಮಾಡಿಸಿದ ವಾರವೇ ಫೋನ್ ಮಾಡಿ ಕೇಳಿ. ಪ್ರಯಾಣದ ಹಿಂದಿನ ದಿನ ಹೋಗಿ ಬೇಡಿಕೊಂಡರೆ ಅವರೂ ಏನು ಮಾಡಿಯಾರು? ನೋಡಿದವರು ಇದು ಪುರಾತನ ವಸ್ತುವೇ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಮನೆಗೆ ವಾಪಸ್ ತಂದು ನೋಂದಣಿ ಮಾಡಿಸಿ. ಪುರಾತನ ವಸ್ತು ಹೌದೋ ಅಲ್ಲವೋ ಎಂಬ ವಿವಾದ ಎದ್ದರೆ ಎಎಸ್‌ಐ ಮಹಾನಿರ್ದೇಶಕರು ಅಥವಾ ಅವರು ನೇಮಿಸಿದ ಹಿರಿಯ ಅಧಿಕಾರಿ ಹೇಳಿದ್ದೇ ಕೊನೆ.

ಕಾವೇರಿ ಎಂಪೋರಿಯಂನ ಗಣಪತಿ, ಚನ್ನಪಟ್ಟಣದ ಬೊಂಬೆ, ಹೊಸ ಬಿದರಿ ಹೂಜಿ ಇವಕ್ಕೆಲ್ಲ ಸಮಿತಿಯ ತನಕ ಹೋಗಬೇಕಿಲ್ಲ. ಅಂಗಡಿಯ ಬಿಲ್ಲನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ. ದೊಡ್ಡ ಕಂಚಿನ ವಿಗ್ರಹ, ಹಳೆಯ ಥರದ ಮೈಸೂರು ಚಿತ್ರ ಆದರೆ ಪ್ರಮಾಣಪತ್ರ ಮಾಡಿಸುವುದೇ ಕ್ಷೇಮ.

ವಿದೇಶದಲ್ಲಿ ಕೊಂಡ ಹಳೆಯ ವಸ್ತುವನ್ನು ಊರಿಗೆ ತರುವವರು ಬರುವಾಗಲೇ ಕಸ್ಟಮ್ಸ್‌ನಲ್ಲಿ ಹೇಳಿ ಕಾಗದ ಮಾಡಿಸಿಕೊಳ್ಳಿ. ವಾಪಸ್ ಒಯ್ಯುವಾಗ ಇದೇ ಕಾಯ್ದೆ ಎದುರಾಗುತ್ತದೆ.

ನೆಲ ಅಗೆದಾಗ ಸಿಕ್ಕರೆ

ಪಾಯ ತೋಡುವಾಗ ಮಡಕೆ ತುಂಬ ನಾಣ್ಯ ಸಿಕ್ಕಿತು, ಕೆರೆ ಹೂಳೆತ್ತುವಾಗ ವಿಗ್ರಹ ಸಿಕ್ಕಿತು ಅನ್ನುವ ಸುದ್ದಿ ನಮ್ಮ ರಾಜ್ಯದಲ್ಲಿ ಆಗಾಗ ಬರುತ್ತದೆ. ನಿಮ್ಮ ಜಮೀನಾದರೂ ಸಿಕ್ಕಿದ್ದು ನಿಮ್ಮದಲ್ಲ. ಕರ್ನಾಟಕಕ್ಕೆ 1962ರ ನಿಧಿ ಕಾಯ್ದೆ ಇದೆ. ಅದರ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ತಹಶೀಲ್ದಾರರಿಗೆ, ಪೊಲೀಸ್ ಠಾಣೆಗೆ ಹೇಳಿದರೂ ಅಲ್ಲಿಗೆ ತಲುಪುತ್ತದೆ, ಆದರೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಅಲ್ಲಿಗೇ ಅಗೆತ ನಿಲ್ಲಿಸಿ. ಸಿಕ್ಕ ಜಾಗದಲ್ಲೇ ಫೋಟೊ ತೆಗೆಯಿರಿ. ಯಾವ ಪದರದಲ್ಲಿ, ಯಾವುದರ ಪಕ್ಕ ಸಿಕ್ಕಿತು ಅನ್ನುವುದು ಪುರಾತತ್ವದವರಿಗೆ ವಸ್ತುವಿನಷ್ಟೇ ಮುಖ್ಯ. ತೊಳೆದು, ಕುಂಕುಮ ಹಚ್ಚಿ, ಊರಿನವರು ಸಾಲಾಗಿ ನಿಂತು ಪೂಜೆ ಶುರು ಮಾಡಿದರೆ ಆ ಮಾಹಿತಿ ಹೋಯಿತು.

ಕಳುವಾದರೆ

ಮೊದಲ ದಿನವೇ ಎಫ್‌ಐಆರ್. "ಊರವರೇ ಹುಡುಕೋಣ" ಅಂತ ವಾರ ಕಳೆಯಬೇಡಿ. ಫೋಟೊ, ಅಳತೆ, ನೋಂದಣಿ ಪತ್ರ ದೂರಿನ ಜೊತೆಗೇ ಕೊಡಿ. ಪೂಜಾಸ್ಥಳದಿಂದ ವಿಗ್ರಹ ಕದಿಯುವುದನ್ನು ಭಾರತೀಯ ನ್ಯಾಯ ಸಂಹಿತೆ 305ನೇ ಸೆಕ್ಷನ್ನಿನಲ್ಲಿ ಹೆಸರಿಸಿಯೇ ಹೇಳಿದೆ, 7 ವರ್ಷದವರೆಗೆ ಶಿಕ್ಷೆ. ದೂರಿನಲ್ಲಿ ಆ ಸೆಕ್ಷನ್ ಇದೆಯಾ ನೋಡಿ. ಹೊಸ ಸಂಹಿತೆ ಜಾರಿಗೆ ಬಂದದ್ದು 2024ರ ಜುಲೈ 1ರಿಂದ, ಅದಕ್ಕೂ ಹಿಂದಿನ ಕಳ್ಳತನವಾದರೆ ಹಳೆಯ ದಂಡ ಸಂಹಿತೆಯೇ ಅನ್ವಯ. ವಿಗ್ರಹ ಮುಜರಾಯಿ ದೇವಸ್ಥಾನದ್ದಾದರೆ ಆ ಇಲಾಖೆಗೂ ಬರೆಯಿರಿ. ದೇಶ ದಾಟಿರಬಹುದು ಅನ್ನಿಸಿದರೆ ಸಿಬಿಐ ಮೂಲಕ ಇಂಟರ್‌ಪೋಲ್ ಪಟ್ಟಿಗೆ ಸೇರಿಸಲು ಲಿಖಿತವಾಗಿ ಕೇಳಿ. ಈ ಪಟ್ಟಿಗೆ ಫೋಟೊ ಇಲ್ಲದೆ ಸೇರಿಸುವುದು ಕಷ್ಟ. ಗೊತ್ತಾಯ್ತಲ್ಲ, ಯಾಕೆ ಅಷ್ಟು ಸಲ ಹೇಳಿದ್ದು ಅಂತ.

ಈಗಾಗಲೇ ಹೊರಗಿರುವ ವಸ್ತುಗಳು

ಟಿಪ್ಪುವಿನ ಮಲಗುವ ಕೋಣೆಯ ಕತ್ತಿ 2023ರ ಮೇ ತಿಂಗಳಲ್ಲಿ ಲಂಡನ್ನಿನ ಬೋನಮ್ಸ್ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ ಹೋಯಿತು. ಅದನ್ನು ಯಾಕೆ ತಡೆಯಲಿಲ್ಲ ಅಂತ ತುಂಬಾ ಜನ ಕೇಳಿದರು. ಅದು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗಲೇ ಹೋದದ್ದು. ನಮ್ಮ ಕಾಯ್ದೆ ಅಷ್ಟು ಹಿಂದಕ್ಕೆ ಹೋಗುವುದಿಲ್ಲ. ಭಾರತ 1977ರಲ್ಲಿ ಸೇರಿದ ಯುನೆಸ್ಕೋದ 1970ರ ಒಪ್ಪಂದವೂ ಹಿಂದಿನ ಲೂಟಿಗೆ ಅನ್ವಯಿಸುವುದಿಲ್ಲ. ಅಂಥವನ್ನು ತರಲು ಮಾತುಕತೆ, ಒತ್ತಡ, ದುಡ್ಡು ಇವೇ ದಾರಿ. 2025ರಲ್ಲಿ ಹಾಂಕಾಂಗ್ ಹರಾಜಿಗೆ ಬಂದಿದ್ದ, ಉತ್ತರ ಪ್ರದೇಶದ ಪಿಪ್ರಾಹ್ವದಲ್ಲಿ ಬುದ್ಧನ ಧಾತುಗಳ (ಅಸ್ಥಿ ಅವಶೇಷಗಳ) ಜೊತೆ ಸಿಕ್ಕಿದ್ದ ರತ್ನಗಳು ವಾಪಸಾದದ್ದು ಹಾಗೆ. ಸರ್ಕಾರ ನೋಟಿಸ್ ಕೊಟ್ಟು ಹರಾಜು ನಿಲ್ಲಿಸಿತು, ಆಮೇಲೆ ಗೋದ್ರೆಜ್ ಸಮೂಹ ಕೊಂಡು ತಂದಿತು.

ವಿದೇಶದಲ್ಲಿರುವ ಕನ್ನಡಿಗರಿಗೆ ಹತ್ತಿರದ ವಿಷಯ ಇನ್ನೊಂದು. ಅಪ್ಪ 1960ರಲ್ಲಿ ಒಯ್ದ ವಿಗ್ರಹ, ಅಥವಾ ಅಲ್ಲೇ ಹರಾಜಿನಲ್ಲಿ ಕೊಂಡ ವೀರಗಲ್ಲಿನ ತುಂಡು ಮನೆಯಲ್ಲಿದ್ದರೆ ಅದು ಯಾವಾಗ, ಹೇಗೆ ಬಂತು ಎಂಬ ಕಾಗದ ಹುಡುಕಿ ಇಡಿ. ಹಡಗಿನ ರಸೀದಿ, ಹಳೆಯ ಮನೆಯ ಕಪ್ಪುಬಿಳುಪು ಫೋಟೊದಲ್ಲಿ ಹಿಂದೆ ಕಾಣುವ ವಿಗ್ರಹ, ಏನಾದರೂ ಸರಿ. 2024ರ ಜುಲೈನಲ್ಲಿ ಭಾರತ ಮತ್ತು ಅಮೆರಿಕ ಸಾಂಸ್ಕೃತಿಕ ವಸ್ತುಗಳ ಒಪ್ಪಂದಕ್ಕೆ ಸಹಿ ಹಾಕಿವೆ, ಅಕ್ರಮವಾಗಿ ಹೋದ ವಸ್ತುಗಳನ್ನು ಗಡಿಯಲ್ಲೇ ತಡೆಯುವುದು ಅದರ ಉದ್ದೇಶ. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 28ರಿಂದ ಹೊಸ ನಿಯಮ ಪೂರ್ತಿ ಜಾರಿಗೆ ಬಂದಿದೆ. ಉತ್ಖನನದಲ್ಲಿ ಸಿಕ್ಕ ಅಥವಾ ಸ್ಮಾರಕದಿಂದ ಕಿತ್ತ, 250 ವರ್ಷ ದಾಟಿದ ವಸ್ತು ತರಲು ಬೆಲೆ ಎಷ್ಟೇ ಇರಲಿ ಆಮದು ಪರವಾನಗಿ ಬೇಕು. ಶಿಲ್ಪ, ನಾಣ್ಯ, ಹಸ್ತಪ್ರತಿಯಂಥ ಉಳಿದವು 200 ವರ್ಷ ದಾಟಿ, 18,000 ಯೂರೋ ಅಥವಾ ಹೆಚ್ಚು ಬೆಲೆಯದ್ದಾದರೆ ಆಮದು ಮಾಡುವವರು ಸಹಿ ಹಾಕಿದ ಹೇಳಿಕೆ ಕೊಡಬೇಕು. ಅಂದರೆ ಭಾರತದ ಕಸ್ಟಮ್ಸ್ ಕಣ್ಣು ತಪ್ಪಿಸಿ ಹೋದರೂ ಫ್ರಾಂಕ್‌ಫರ್ಟಿನಲ್ಲಿ ಕಾಗದ ಕೇಳುತ್ತಾರೆ, ವಸ್ತು ಅದರ ದೇಶದಿಂದ ಕಾನೂನು ಪ್ರಕಾರವೇ ಹೊರಟಿತಾ ಅಂತ.

ಕದ್ದ ವಸ್ತು ಅಂತ ಗೊತ್ತಾಗಿ ಹಿಂತಿರುಗಿಸಬೇಕು ಅನ್ನಿಸಿದರೆ ಹತ್ತಿರದ ಭಾರತೀಯ ರಾಯಭಾರ ಕಚೇರಿಗೆ ಬರೆಯಿರಿ. ನೀವೇ ಪಾರ್ಸೆಲ್ ಮಾಡಿ ಊರಿನ ದೇವಸ್ಥಾನಕ್ಕೆ ಕಳಿಸಬೇಡಿ. ಮೊದಲು ಆ ದೇಶದ ವಕೀಲರೊಬ್ಬರನ್ನು ಕೇಳಿ, ಆಮೇಲೆ ಪತ್ರ ಬರೆಯಿರಿ. ವಸ್ತು ಒಪ್ಪಿಸುವಾಗಲೂ ರಸೀದಿ ಕೇಳಿ ಪಡೆಯಿರಿ.